ಗೋಡೆಗೂ ಬಾಯಿ

ಆಂಡೀಸ್ ಬೆಟ್ಟದ ಊರು ತೂಕೆರೆಸ್. ಆಸ್ಪತ್ರೆಯ ಹಿಂಬದಿಯ ಕೋಣೆ.
ಬೆಳಗಿನ ಚಳಿಗೆ ಮೇಣವೂ ಸೆಟೆದು ಕೂತಿದೆ.
ಎದಿಲ್ಮಾ ಅಂಗೈಗೆ ಉಸಿರೂದಿಕೊಂಡು
ಈರುಳ್ಳಿಯ ಪೊರೆಗಿಂತ ತೆಳ್ಳಗೆ ಕೊಯ್ಯುತ್ತಾಳೆ
ರೊಸಾಲ್ಬಾಳ ಜಠರದ ಒಂದು ಚೂರು.
ಅಕ್ಕಿನುಚ್ಚಿನಷ್ಟು, ಅಷ್ಟೇ.

ರೊಸಾಲ್ಬಾ ಸಂತೆಯಲ್ಲಿ ಆಲೂಗಡ್ಡೆ ಮಾರುವವಳು.
ಎದೆಗುಂಡಿಗೆಯ ಕೆಳಗೆ ಯಾರೋ
ಬೂದಿಯಲ್ಲಿ ಕೆಂಡ ಮುಚ್ಚಿಟ್ಟ ಹಾಗೆ, ಅಂದಳಂತೆ.
ಎಷ್ಟು ವರ್ಷದಿಂದ, ಎಂದು ಕೇಳಿದ್ದಕ್ಕೆ
ಅಮ್ಮ ಅಗಿದು ಮೆತ್ತಗೆ ಮಾಡಿ
ಬಾಯಿಗಿಡುತ್ತಿದ್ದ ತುತ್ತನ್ನು ನೆನೆದು
‘ಅಷ್ಟು ವರ್ಷ’ ಅಂದಳಂತೆ.

ಕಿಟಕಿಯಾಚೆ ಅಸುಫ್ರಾಲ್ ಬೆಟ್ಟ.
ಅದರ ಬಾಯೊಳಗೊಂದು ಹಸಿರು ಕೊಳ,
ಹುಳಿ ನೀರು, ಗಂಧಕದ ಕಮಟು, ಒಂದು ಮೀನೂ ಇಲ್ಲ.
ಪ್ರತಿಯೊಬ್ಬರೂ ಅಂಥದೇ ಕೊಳವೊಂದನ್ನು
ಅಂಗಿಯ ಗುಂಡಿ ಹಾಕಿ ಮುಚ್ಚಿಕೊಂಡು ಸಂತೆಗೆ ಬರುತ್ತಾರೆ.
ಅದರಲ್ಲಿ ಯಾರು ಬದುಕಿಯಾರು ಅಂದುಕೊಂಡರೆ
ಬದುಕಿತ್ತು ಒಂದು ಸುರುಳಿ ಜೀವ.
ಅಮೋನಿಯಾದ ಕೊಡೆ ಹಿಡಿದು
ಆಸಿಡ್ಡಿನ ಮಳೆಯಲ್ಲಿ ನೆನೆಯದೆ ನಡೆದು
ಲೋಳೆಯ ಕಂಬಳಿ ಎತ್ತಿ ಒಳಗೆ ನುಸುಳಿ
ಗೋಡೆಗೆ ಒರಗಿ ಕೂತಿತು.

ಗೋಡೆಗೂ ಕಿವಿ ಇದೆ ಅನ್ನುತ್ತೇವಲ್ಲ.
ಕಿವಿಯಷ್ಟೇ ಅಲ್ಲ.

ಗೋಡೆಯ ಕಣ ಸೈನಿಕನಲ್ಲ.
ಲೋಳೆ ಸುರಿಸುವುದು ಅದರ ಕಸುಬು,
ನಾಲ್ಕೈದು ದಿನ ಅದರ ಆಯುಸ್ಸು,
ಆಮೇಲೆ ಉದುರಿ ಊಟದ ಜೊತೆ ಹೋಗುವ ಕೂಲಿ.
ಆದರೆ ಆ ಸುರುಳಿ ತನ್ನ ಸೂಜಿ ಚುಚ್ಚಿದಾಗ
ತನ್ನ ಒಡಲೊಳಗೇ ಬಿದ್ದ ಪರರ ಕವಚದ ಚೂರನ್ನು
ಈ ಕೂಲಿ ಗುರುತು ಹಿಡಿಯುತ್ತದೆ.
ಕೂಗುತ್ತದೆ.
ಸದ್ದಿಲ್ಲದ ಕೂಗು ಅದು, ವಾಸನೆಯಂತೆ ಹರಡುತ್ತದೆ;
ನೆತ್ತರಿನ ಓಣಿಗಳಿಂದ ಬಿಳಿಯ ಕಣಗಳು
ಎದ್ದುಬಿದ್ದು ಓಡಿಬರುತ್ತವೆ.
ಅಷ್ಟಕ್ಕೇ ಸುಮ್ಮನಾಗದೆ, ಈ ನಾಲ್ಕು ದಿನದ ಜೀವ
ಕಳ್ಳನ ಅಂಗಿಯ ಹರುಕೊಂದನ್ನು
ಹೊಸ್ತಿಲ ಮೇಲೆ ಎತ್ತಿ ಹಿಡಿದು ತೋರಿಸುತ್ತದೆ:
ನೋಡಿ, ಇದೇ ಬಟ್ಟೆ, ಇದೇ ನೂಲು,
ಮುಂದೆ ಎಲ್ಲಿ ಕಂಡರೂ ಬಿಡಬೇಡಿ.

ತಪ್ಪಾಯಿತು, ಹೊಟ್ಟೆಗೆ ಹಾಕಿಕೊ ಅನ್ನುತ್ತೇವೆ.
ಆ ಮಾತು ಹೊಟ್ಟೆಗೇ ಗೊತ್ತಿಲ್ಲ.

ಬಂದವರು ಕೆಲಸ ಮುಗಿಸಿ ಹೋಗಲೂ ಇಲ್ಲ.
ಕಳ್ಳ ಕಂಬಳಿಯಡಿ ಜಾರಿದ,
ಹಿಡಿಯಬಂದವರು ಕಣಜಕ್ಕೇ ಕೊಳ್ಳಿ ಇಟ್ಟರು.
ಐದು ದಿನದವರು ಐದು ದಿನದವರಿಗೆ
ಒಂದು ಚೀಟಿಯನ್ನೂ ಬರೆದಿಡದೆ
ದಾಟಿಸಿದ ಕೂಗಿಗೆ ಈಗ ನಲವತ್ತು ವರ್ಷ.
ನಿನ್ನೆ ಹುಟ್ಟಿದ ಕಣವೂ
ಕಣ್ಣು ಬಿಡುವ ಮೊದಲೇ ಕೂಗುತ್ತದೆ,
ತನ್ನ ಮನೆಯೇ ಉರಿಯುತ್ತಿದೆಯೆಂದು ತಿಳಿಯದೆ,
ಅಥವಾ ತಿಳಿದೇ.

ಎದಿಲ್ಮಾಗೆ ಕೂಗು ಕಾಣುವುದಿಲ್ಲ.
ಕಾಣುವುದು ಬಣ್ಣ ಕುಡಿದ ನೀಲಿ ಅಲ್ಪವಿರಾಮಗಳು,
ಗ್ರಂಥಿಯ ಸುತ್ತ ಜಾತ್ರೆಯಲ್ಲದ ನೇರಳೆ ಜನಸಂದಣಿ.
ವರದಿಯಲ್ಲಿ ಬರೆಯುತ್ತಾಳೆ ಡಾಕ್ಟರು ಹೇಳಿದಂತೆ:
ಉರಿಯೂತ ತೀವ್ರ. ಕ್ಯಾನ್ಸರ್ ಇನ್ನೂ ಇಲ್ಲ.
‘ಇನ್ನೂ’ ಅಳಿಸುತ್ತಾಳೆ.
ಸ್ವಲ್ಪ ಹೊತ್ತು ಕೂತು
ಮತ್ತೆ ಬರೆಯುತ್ತಾಳೆ.

ಹದಿನಾಲ್ಕು ದಿನದ ಮಾತ್ರೆ.
ನುಂಗಿದರೆ ಕಳ್ಳ ಸತ್ತಾನು.
ಗೋಡೆ ಮಾತ್ರ ತಿಂಗಳುಗಟ್ಟಲೆ
ನಿದ್ದೆಗಣ್ಣಲ್ಲಿ ಬಡಬಡಿಸುತ್ತಿರುತ್ತದೆ.

ಮಧ್ಯಾಹ್ನ ಮಗಳು ಲುಸೀದಾ ಶಾಲೆಯಿಂದ ಬರುತ್ತಾಳೆ.
ಒಂದೇ ಬಟ್ಟಲು, ಆಲೂಗಡ್ಡೆಯ ಸೂಪು, ಒಂದೇ ಚಮಚ.
ಬಿಸಿ ನೋಡಲು ತುಟಿಗೆ ಮುಟ್ಟಿಸಿ
ಮಗಳ ಬಾಯಿಯವರೆಗೆ ಒಯ್ದ ಕೈ
ಅಲ್ಲೇ ನಿಂತಿತು.

ಯಾಕಮ್ಮಾ?
ಏನಿಲ್ಲ.
ಸುಡುತ್ತಿದೆ, ಇರು,
ಇನ್ನೊಂದು ಚಮಚ ತರ್ತೀನಿ.